ನೀರಿನಲ್ಲಿ ಮುಳುಗದ ಹುಳು

ನಮ್ಮ ಮನೆಯಲ್ಲಿ ಜಿಗಿಯುವುದೆಲ್ಲ ಚಿಗಟವೇ ಆಗಿತ್ತು. ಹಿರೇವಡ್ಡಟ್ಟಿಯ ಆ ಮಣ್ಣಿನ ಮಾಳಿಗೆಯ ಮನೆಯೊಳಗೆ ಕಾಲಿಟ್ಟರೆ ಮೊದಲು ದನಗಳ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಹಗಲಿನಲ್ಲೂ ಕತ್ತಲೆ ತುಂಬಿದ ಬಚ್ಚಲು. ಮಾಳಿಗೆಗೆ ಎರಡೇ ಬೆಳಕಿಂಡಿ. ಮಧ್ಯಾಹ್ನದ ಬಿಸಿಲು ಅವುಗಳಿಂದ ಇಳಿದು ಪಡಸಾಲೆಯ ನೆಲದ ಮೇಲೆ ರೊಟ್ಟಿಯಗಲ ನಿಲ್ಲುತ್ತಿತ್ತು, ನಿಂತ ಹಾಗೆ ಕಂಡರೂ ಗೋಡೆಯ ಕಡೆಗೆ ಸರಿಯುತ್ತ ಹೋಗುತ್ತಿತ್ತು. ಅದರ ಜೊತೆಗೆ ನಾನೂ ಸರಿಯುತ್ತಿದ್ದೆ. ಆ ಬೆಳಕಿನಲ್ಲಿ ತೇಲುವುದನ್ನು ನೋಡುತ್ತ, ಇದು ದೂಳು, ಇದು ಜೀವ ಎಂದು ನನ್ನಷ್ಟಕ್ಕೆ ನಾನೇ ವಿಂಗಡಿಸುವುದು ನನ್ನ ಆಟ. ಗಾಳಿ ಬಂದಾಗ ಮಾತ್ರ ಹೋಗುವುದು ದೂಳು, ಗಾಳಿ ಇಲ್ಲದೆಯೂ ಹೋಗುವುದು ಜೀವ. ಒಂಬತ್ತು ವರ್ಷದವಳಿಗೆ ಅಷ್ಟು ಶಾಸ್ತ್ರ ಸಾಕಾಗಿತ್ತು. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸದ್ದು, ಮೆಟ್ಟಿಲ ಕೆಳಗೆ ಎತ್ತು ಮೆಲುಕು ಹಾಕುವ ಸದ್ದು, ಎರಡೂ ಸೇರಿ ನನಗೆ ಕೂತಲ್ಲೇ ಜೊಂಪು ಹತ್ತುತ್ತಿತ್ತು. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಬೆಳಕು ಮೊದಲು ಬರುತ್ತದೆ, ಮನೆ ಆಮೇಲೆ.

ಮನೆಯ ಯಜಮಾನಿಕೆ ಆಯಿಯದು. ಆಯಿ ಎಂದರೆ ನಮ್ಮಪ್ಪನ ತಾಯಿ. ಕಣ್ಣಿಗೆ ಪೊರೆ ಬಂದಿತ್ತು, ಮಾತಿಗೆ ಬಂದಿರಲಿಲ್ಲ. ಗದಗಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಅಪ್ಪ ಎಷ್ಟು ಸಲ ಹೇಳಿದರೂ ಒಪ್ಪುತ್ತಿರಲಿಲ್ಲ, ಯಾಕೆಂದರೆ ಅವಳಿಗೆ ನನ್ನ ಕಣ್ಣಿದ್ದವು. ಅಕ್ಕಿಯಲ್ಲಿ ಹರಳು ಆರಿಸಲು, ಸೂಜಿಗೆ ದಾರ ಪೋಣಿಸಲು, ತಲೆಯ ಹೇನು ತೆಗೆಯಲು, ಬೀದಿಯ ಆ ತುದಿಯಲ್ಲಿ ಬರುತ್ತಿರುವವರು ಯಾರೆಂದು ಮೊದಲೇ ಹೇಳಲು ನಾನೇ ಬೇಕು.

"ನೀಲೀ, ಬಾ ಇಲ್ಲೆ. ನಿನ್ನ ಕಣ್ಣು ತಗೊಂಡು ಬಾ."

ನಾನು ಕಣ್ಣು ತೆಗೆದುಕೊಂಡು ಓಡುತ್ತಿದ್ದೆ. ನಾನು ಕಂಡೆ ಎಂದರೆ ಅದು ಇದೆ, ಕಾಣಲಿಲ್ಲ ಎಂದರೆ ಇಲ್ಲ. ಅಪ್ಪನ ತಮ್ಮ ಕಾಕಾನ ಮಾತಿಗೂ ಆ ಮನೆಯಲ್ಲಿ ಅಷ್ಟು ಬೆಲೆ ಇರಲಿಲ್ಲ. ಇದರಿಂದ ನನಗೆ ಎಷ್ಟು ಕೊಬ್ಬು ಬಂದಿತ್ತೆಂದರೆ, ಶಾಲೆಯಲ್ಲಿ ಮಾಸ್ತರರ ಅಂಗಿಯ ಮೇಲಿನ ಇರುವೆಯನ್ನು ಹಿಂದಿನ ಸಾಲಿನಿಂದಲೇ ಕೂಗಿ ಹೇಳಿ ಬೈಸಿಕೊಂಡಿದ್ದೆ.

ಹಿತ್ತಲಿಗೆ ಹೋದರೆ ಜಿಗಿಯುವವುಗಳದೇ ಒಂದು ಊರು. ಬದನೆಯ ಎಲೆಯನ್ನು ಮೆಲ್ಲಗೆ ಮಗುಚಿದರೆ ಹಸಿರು ಚೂರಿನಂಥ ಹುಳುಗಳು ಏಡಿಯ ಹಾಗೆ ಅಡ್ಡಡ್ಡ ಸರಿದು, ಮರುಕ್ಷಣ ಇಲ್ಲವಾಗುತ್ತಿದ್ದವು. ಹತ್ತಿಯ ಹೊಲದಲ್ಲೂ ಇವೇ, ಅಪ್ಪ ಜಿಗಿಹುಳ ಎನ್ನುತ್ತಿದ್ದ. ಮೂಲಂಗಿ ಸೊಪ್ಪಿನ ಮೇಲೆ ಎಳ್ಳಿಗಿಂತ ಸಣ್ಣ ಕರಿಯವು, ಎಲೆಯ ತುಂಬ ಸೂಜಿ ಚುಚ್ಚಿದಂತೆ ತೂತು ಮಾಡಿ, ಬೆರಳು ಹತ್ತಿರ ಹೋದರೆ ಸಿಡಿದು ಬೀಳುತ್ತಿದ್ದವು. ಕೊಟ್ಟಿಗೆಯ ತಿಪ್ಪೆಯ ಅಂಚಿನಲ್ಲಿ ಬೂದಿಬಣ್ಣದವು, ಹಸಿ ಇದ್ದಲ್ಲಿ ಮಾತ್ರ. ನಾನು ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಯಿ ಅವನ್ನೆಲ್ಲ ಒಂದೇ ಮಾತಿನಲ್ಲಿ ಗುಡಿಸಿಬಿಡುತ್ತಿದ್ದಳು. ಜಿಗಿಯುತ್ತದೆಯೇ, ಹಾಗಾದರೆ ಚಿಗಟ, ಹೋಗು ಕಾಲು ತೊಳೆದುಕೋ.

ಆ ವರ್ಷ ಬೇಸಿಗೆಯಲ್ಲಿ ಕಾಕಾನ ಮದುವೆಯಾಗಿ ಚಿಗವ್ವ ಮನೆಗೆ ಬಂದಳು. ಗಿರಿಜವ್ವ ಎಂದು ಹೆಸರು, ತವರು ಶಿರಹಟ್ಟಿಯ ಕಡೆಯ ಒಂದು ಸಣ್ಣ ಹಳ್ಳಿ. ಟ್ರಂಕು, ನಾಲ್ಕು ಪಾತ್ರೆ, ಒಂದು ಕೌದಿ, ಇಷ್ಟು ಅವಳ ಜೊತೆ ಬಂದದ್ದು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಹೊಲಿಯುವ ಕೌದಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಆದರೆ ಇಷ್ಟು ಸಣ್ಣ ಹೊಲಿಗೆಯದನ್ನು ನಾನು ನೋಡಿರಲಿಲ್ಲ. ಅದನ್ನು ಚಿಗವ್ವನ ತಾಯಿ ಹಾಸಿಗೆ ಹಿಡಿದ ಮೇಲೆ ಹೊಲಿದಳಂತೆ, ಕೊನೆಯ ಹೊಲಿಗೆ ಹಾಕಿ ಹದಿನೈದು ದಿನಕ್ಕೆ ತೀರಿಕೊಂಡಳಂತೆ. ಕೌದಿ ಮುಗಿಸುವಾಗ ಒಂದು ಪದ್ಧತಿ ಇದೆ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಗೆ ತುತ್ತು ಎನ್ನುತ್ತಾರೆ ಅದಕ್ಕೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಚಿಗವ್ವ ಮಲಗುವಾಗ ಯಾವಾಗಲೂ ಆ ಮೂಲೆಯನ್ನು ಕೆನ್ನೆಯ ಕೆಳಗೆ ಹಾಕಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಮಲಗಿದ ದಿನ ಅದನ್ನು ಮುಟ್ಟಿ ನೋಡಲು ಬಿಡುತ್ತಿದ್ದಳು. ಬಟ್ಟೆಯೊಳಗೆ ಏನೋ ಒಂದು ಸಣ್ಣದು ಕೈಗೆ ಸಿಗುತ್ತಿತ್ತು. ಅವಳ ತಾಯಿ ಒಳಗಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಇನ್ನು ನನ್ನ ಗುಟ್ಟು. ಹೊಟ್ಟು ತುಂಬುವ ಕೋಣೆಯಲ್ಲಿ ನಾನು ಒಂದು ನಾಯಿಮರಿ ಸಾಕಿದ್ದೆ. ಕಂದು ಬಣ್ಣದ್ದು, ಒಂದು ಕಿವಿ ಮಡಿಚಿದ್ದು. ಆಯಿಗೆ ಮನೆಯಲ್ಲಿ ನಾಯಿ ಆಗಿಬರುತ್ತಿರಲಿಲ್ಲ. ಹಿಂದಿನ ವರ್ಷ ನಾನು ತಂದ ಮರಿಯನ್ನು ಗೋಣಿಚೀಲಕ್ಕೆ ಹಾಕಿಸಿ ಕಾಕಾನ ಕೈಯಿಂದ ಹಳ್ಳದಾಚೆ ಬಿಡಿಸಿದ್ದಳು. ಅದು ತಿರುಗಿ ಬರಲಿಲ್ಲ. ಆದ್ದರಿಂದ ಈ ಮರಿಯನ್ನು ಎಲ್ಲರೂ ಹೊಲಕ್ಕೆ ಹೋದಾಗ ಮಾತ್ರ ಹೊರಗೆ ತೆಗೆದು, ಪಡಸಾಲೆಯಲ್ಲಿ ಮಲಗಿದ ನನ್ನ ತಮ್ಮನ ಪಕ್ಕದಲ್ಲಿ ಆಡಿಸಿ, ಮತ್ತೆ ಹೊಟ್ಟಿನಲ್ಲಿ ಹೂತಿಡುತ್ತಿದ್ದೆ. ಆಯಿ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅವಳ ಕಣ್ಣು ನಾನೇ ಆದದ್ದರಿಂದ ನಾನು ತೋರಿಸದ್ದು ಅವಳಿಗೆ ಕಾಣುತ್ತಿರಲಿಲ್ಲ.

ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಮಾಳಿಗೆ ಅಲ್ಲಲ್ಲಿ ತೊಟ್ಟಿಕ್ಕಿತು. ಹಾಸಿಗೆಗಳನ್ನು ಹಾಕುವ ಗಳ ಬಚ್ಚಲ ಗೋಡೆಯ ಪಕ್ಕದಲ್ಲಿ ತೂಗುತ್ತಿತ್ತು, ಅದರ ಒಂದು ತುದಿಗೆ ನೀರು ಬೀಳುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಎಂಟು ದಿನ ಕಳೆಯುವಷ್ಟರಲ್ಲಿ ತಮ್ಮನ ಕಾಲಿನ ಗಿಣ್ಣಿನ ಸುತ್ತ ಕೆಂಪು ಗುಳ್ಳೆ ಎದ್ದವು. ಆಮೇಲೆ ಅವ್ವನಿಗೆ, ಆಮೇಲೆ ಆಯಿಗೆ. ಎಲ್ಲರೂ ಮೀನಖಂಡ ಕೆರೆದುಕೊಳ್ಳುತ್ತ ಊಟ ಮಾಡುತ್ತಿದ್ದೆವು. ಒಂದು ಬೆಳಗ್ಗೆ ಆಯಿ ತಟ್ಟೆ ಬಿಟ್ಟು ಎದ್ದಳು.

"ನೀಲೀ, ಕಣ್ಣು ತಗೊಂಡು ಬಾ. ಎಲ್ಲಿಂದ ಜಿಗಿತಾವು ನೋಡು. ಸಿಗೂಮಟ ಯಾರೂ ಉಣ್ಣಂಗಿಲ್ಲ."

ನಾನು ಹುಡುಕಿದೆ. ಖರೇ ಹೇಳುತ್ತೇನೆ, ಹೊಟ್ಟಿನ ಕೋಣೆಯೊಂದನ್ನು ಬಿಟ್ಟು ಎಲ್ಲ ಕಡೆ ಹುಡುಕಿದೆ. ಗಳದ ಮೇಲಿನ ಹಾಸಿಗೆಗಳನ್ನು ಒಂದೊಂದಾಗಿ ಇಳಿಸಿದೆ. ಚಿಗವ್ವನ ಕೌದಿ ಬಿಚ್ಚಿದಾಗ ಅದರ ಮೂಲೆ ಹಸಿಯಾಗಿತ್ತು, ಮುಗ್ಗಲು ವಾಸನೆ ಹೊಡೆಯಿತು, ಮೇಲೆ ಬೂದಿಬಣ್ಣದ ಚುಕ್ಕೆಗಳು ಕೂತಿದ್ದವು. ಉಸಿರು ಬಿಟ್ಟೆ. ಚುಕ್ಕೆಗಳು ಜಿಗಿದವು. ಹುಡುಕುತ್ತಿದ್ದುದು ಸಿಕ್ಕಿತೆಂಬ ಸಂತೋಷದಲ್ಲಿ ನಾನು ಎರಡನೇ ಸಲ ನೋಡಲೂ ಇಲ್ಲ.

"ಆಯೀ, ಇಲ್ಲೆ ಅದಾವು! ಚಿಗವ್ವನ ಕೌದ್ಯಾಗ ಚಿಗಟ!"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಚಿಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಆಯಿ ಅವಳ ಕಡೆ ಮುಖ ತಿರುಗಿಸದೆ ಹೇಳಿದಳು.

"ತವರಮನಿಂದ ಬಂಗಾರ ತಂದಿಲ್ಲ, ಆತು ಬಿಡು ಅಂದ್ವಿ. ಹುಳಾ ಯಾಕ ತಂದೀ? ನಾಳೆ ಮುಂಜಾನೆ ಅದನ್ನ ಹಂಡೇದ ಒಲಿಗೆ ಹಾಕು."

"ಅತ್ತೀ, ಅವು ಚಿಗಟ ಅಲ್ರೀ. ಒಗದು ಬಿಸಲಿಗೆ ಹಾಕ್ತೀನ್ರಿ."

"ಜಿಗಿಯೂದೆಲ್ಲಾ ಒಂದಽ. ನೀಲಿ ನೋಡ್ಯಾಳ."

ನೀಲಿ ನೋಡಿದ್ದಾಳೆ. ಅಲ್ಲಿಗೆ ಮಾತು ಮುಗಿಯಿತು.

ಆ ಮಧ್ಯಾಹ್ನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಮೋಡದ ಹಿಂದಿನಿಂದ ಬರುವ ಬೆಳಕಿಗೆ ಹಿತ್ತಲೆಲ್ಲ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಚಿಗವ್ವ ನನ್ನನ್ನು ಕರೆದು ಒಗೆಯುವ ಕಲ್ಲಿನ ಪಕ್ಕ ಕೂರಿಸಿಕೊಂಡಳು. ಅಂಚೆತ್ತಿದ ಕಂಚಿನ ಗಂಗಾಳದಲ್ಲಿ ನೀರು ತುಂಬಿಟ್ಟಿದ್ದಳು. ಕೌದಿಯ ಆ ಮೂಲೆಯನ್ನು ಅದರ ಮೇಲೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಬೂದಿಬಣ್ಣದ ಚುಕ್ಕೆಗಳು ನೀರಿಗೆ ಬಿದ್ದವು. ಮುಳುಗಲಿಲ್ಲ. ನೀರಿನ ಮೇಲೆ ನೆಲದ ಮೇಲಿನಂತೆಯೇ ನಿಂತವು, ನಿಂತಲ್ಲಿಂದ ಪುಟಿದವು, ಮತ್ತೆ ನೀರಿನ ಮೇಲೇ ಇಳಿದವು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಚಿಗವ್ವ ಒಂದನ್ನು ಎತ್ತಿ ನನ್ನ ಎರಡು ಬೆರಳಿನ ನಡುವೆ ಇಟ್ಟು ತಿಕ್ಕು ಎಂದಳು. ಏನೂ ಇಲ್ಲದಂತೆ ನುರಿದುಹೋಯಿತು. ಆಮೇಲೆ ಅವಳು ಸೆರಗಿನ ಗಂಟಿನಿಂದ ಒಂದು ಬೆಂಕಿಪೆಟ್ಟಿಗೆ ತೆಗೆದಳು. ಅದರೊಳಗೆ ಒಂದು ಕಂದು ಹುಳು, ಎರಡೂ ಪಕ್ಕದಿಂದ ಒತ್ತಿ ಚಪ್ಪಟೆ ಮಾಡಿದಂಥದ್ದು. ಬೆರಳಲ್ಲಿ ತಿಕ್ಕಿದೆ, ನುರಿಯಲಿಲ್ಲ, ಹರಳಿನಂತೆ ಜಾರಿತು. ಗಂಗಾಳಕ್ಕೆ ಬಿಟ್ಟರೆ ಕಾಲು ಬಡಿದು ಒದ್ದಾಡಿತು, ನೀರಿನಿಂದ ಮೇಲೆ ಜಿಗಿಯಲು ಆಗಲಿಲ್ಲ.

"ಇದು ಚಿಗಟ. ಅವು ಏನೋ ಹಸಿಯಾಗ ಇರೂ ಬಡವು. ಕಡಿಯಂಗಿಲ್ಲ, ಬೂಸರ ತಿಂದು ಬದುಕ್ತಾವ. ತುತ್ತಿನ ರೊಟ್ಟಿಗೆ ನೀರು ತಾಗಿ ಬೂಸರ ಹಿಡದೈತಿ. ಎಲ್ಲಾರೂ ಕಡಕ್ ರೊಟ್ಟಿ ಇಡ್ತಾರ. ನಮ್ಮವ್ವಗ ಹಲ್ಲು ಇರಲಿಲ್ಲ. ಹಾಲಾಗ ನೆನಸಿ ತಿಂತಿದ್ಲಲ್ಲ, ಆ ರೊಟ್ಟೀನಽ ಮುರದು ಇಟ್ಟಾಳ."

ಅವಳು ಕೌದಿಯ ಮೂಲೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಆಮೇಲೆ ಒದ್ದೆ ಮಾಡಿದ ಬಿಳಿ ಧೋತರದ ತುಂಡೊಂದನ್ನು ಕಲ್ಲಿನ ಮೇಲೆ ಹಾಸಿ, ಸೆರಗಿನ ಇನ್ನೊಂದು ಗಂಟಿನಿಂದ ತೆಗೆದ ಕರಿಯ ಪುಡಿಯನ್ನು ಅದರ ಮೇಲೆ ಉದುರಿಸಿದಳು. ಪ್ರತಿಯೊಂದು ಕಾಳಿನ ಸುತ್ತ ನಿಧಾನವಾಗಿ ಕೆಂಪು ಹರಡಿತು.

"ಇದು ರಕ್ತ. ಚಿಗಟ ಕುಡದು ಹೇತದ್ದು. ಎಲ್ಲಿ ಸಿಕ್ತು ಹೇಳ್ಲ್ಯಾ? ಹೊಟ್ಟಿನ ಕ್ವಾಣ್ಯಾಗ, ನಿನ್ನ ಮರಿ ಮಲಗೂ ಜಾಗಾದಾಗ."

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ತವರಿನಲ್ಲಿ ಹೊಲ ಕಾಯುವ ನಾಯಿಗಳ ನಡುವೆ ಬೆಳೆದವಳು, ನನ್ನ ಲಂಗದ ವಾಸನೆಯಿಂದಲೇ ತಿಳಿದಿದ್ದಳು.

"ನಾ ಹೇಳಂಗಿಲ್ಲ ತಗೋ. ಹೇಳಿದ್ರೂ ಅತ್ತಿ ನನ್ನ ಮಾತು ನಂಬಂಗಿಲ್ಲ, ನಿನ್ನ ಕಣ್ಣು ನಂಬ್ತಾರ. ಕೌದ್ಯಾಗ ಇರೂವು ಚಿಗಟ ಅಲ್ಲ ಅಂತ ನೀ ಒಂದು ಮಾತು ಅಂದ್ರ ಸಾಕು, ನೀಲೂ."

ಒಂದು ಮಾತು. ಆದರೆ ಆ ಒಂದು ಮಾತಿನ ಹಿಂದೆ ಆಯಿಯ ಇನ್ನೊಂದು ಪ್ರಶ್ನೆ ಬರುತ್ತದೆ, ಮತ್ತೆ ಎಲ್ಲಿಂದ ಜಿಗಿಯುತ್ತವೆ ನೋಡು ಎನ್ನುತ್ತಾಳೆ. ಅದರ ಹಿಂದೆ ಗೋಣಿಚೀಲ ಬರುತ್ತದೆ. ಅದೂ ಅಲ್ಲದೆ, ನೀಲಿ ತಪ್ಪು ನೋಡಿದಳು ಎಂದು ಎಲ್ಲರ ಎದುರು ಒಪ್ಪಬೇಕು. ಮರಿಗಾಗಿ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಧ ಮರಿಗಾಗಿ, ಅರ್ಧ ಆ ಕಣ್ಣಿನ ಹೆಸರಿಗಾಗಿ. ನಾನು ಚಿಗವ್ವನಿಗೆ ಹೂಂ ಎಂದೆ.

ಮರುದಿನ ಬೆಳಗ್ಗೆ ನಾನು ಹೊಟ್ಟಿನ ಕೋಣೆಯಲ್ಲಿದ್ದೆ. ಗೋಡೆಯಾಚೆ ಬಚ್ಚಲ ಒಲೆ. ಚಿಗವ್ವ ಒಲೆಯ ಮುಂದೆ ಕೂತದ್ದು, ಸಗಣಿಯ ಕುಳ್ಳು ಮುರಿದು ಹಾಕುವುದು, ಹಂಡೆಯ ನೀರು ಕುದಿಯುವುದು ಎಲ್ಲ ಕೇಳುತ್ತಿತ್ತು. ಆಯಿ ಕಟ್ಟೆಯಿಂದ ಆತೇನು ಎಂದು ಕೂಗಿದಳು. ಇನ್ನೂ ಇಲ್ರೀ ಎಂದಳು ಚಿಗವ್ವ. ಮತ್ತೆ ಕುಳ್ಳು ಮುರಿದ ಸದ್ದು. ಮರಿ ನನ್ನ ಮಡಿಲಲ್ಲಿ ನಿದ್ದೆಗಣ್ಣಿನಲ್ಲಿ ಕುಂಯ್ ಎಂದಿತು, ನಾನು ಅದರ ಮೂತಿಯ ಮೇಲೆ ಕೈ ಇಟ್ಟೆ. ಈಗ ಏಳುತ್ತೇನೆ, ಈಗ ಏಳುತ್ತೇನೆ ಎಂದುಕೊಂಡೆ. ಎರಡು ಹೆಜ್ಜೆಯಷ್ಟೇ ದೂರ. ಹೊಟ್ಟಿನ ದೂಳು ಬಾಗಿಲ ಸಂದಿಯ ಬಿಸಿಲಿನಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ. ಆಮೇಲೆ ಬಟ್ಟೆ ಸುಟ್ಟ ವಾಸನೆ ಬಂತು. ಅದರ ನಡುವೆ ಒಂದು ಕ್ಷಣ, ರೊಟ್ಟಿ ಸೀದಂಥ ವಾಸನೆಯೂ ಬಂದಂತಾಯಿತು. ಅದು ನಿಜವೋ ನನ್ನ ಭ್ರಮೆಯೋ ಇವತ್ತಿಗೂ ಹೇಳಲಾರೆ.

ಅಲ್ಲಿಗೆ ಮುಗಿದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಅದೇ ವಾರ ಚಿಗವ್ವ ಯಾರಿಗೂ ತಿಳಿಯದಂತೆ ಮರಿಯನ್ನು ಬೇವಿನೆಲೆ ಕುದಿಸಿದ ನೀರಿನಲ್ಲಿ ಮೀಯಿಸಿದಳು. ಅದು ಮಲಗುತ್ತಿದ್ದ ಹೊಟ್ಟನ್ನು ಬಾಚಿ ತಿಪ್ಪೆಗೆ ಹಾಕಿ ಸುಟ್ಟಳು. ಪಡಸಾಲೆಯ ನೆಲ ಕೆರೆದು ಬಿಸಿನೀರು ಚೆಲ್ಲಿ, ಬೇವಿನ ಹೊಗೆ ಹಾಕಿ, ಸಗಣಿಯಿಂದ ಎರಡೆರಡು ಸಲ ಸಾರಿಸಿದಳು. ಮರಿಯನ್ನು ಕಾಕಾನಿಗೆ ಹೇಳಿ ಹೊಲದ ಗುಡಿಸಲಿಗೆ ಕಳಿಸಿದಳು, ಹೊಲಕ್ಕೆ ನಾಯಿ ಬೇಕೆಂದು ಅವನೇ ತಂದಂತೆ ಆಯಿಯ ಮುಂದೆ ಹೇಳಿಸಿದಳು. ಕಡಿತ ನಿಂತಿತು. ತಮ್ಮನ ಕಾಲು ಮಾಯಿತು. ಆಯಿ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನೋಡಿದ್ರ್ಯಾ? ಕೌದಿ ಹೋತು, ಚಿಗಟ ಹ್ವಾದ್ವು."

ಚಿಗವ್ವ ಆಯಿಯ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಮನೆಯನ್ನು ಚೊಕ್ಕ ಮಾಡಿ, ನನ್ನ ಮರಿಯನ್ನು ಉಳಿಸಿ, ತನ್ನ ತಾಯಿಯ ಕೌದಿಯದೇ ತಪ್ಪು ಎಂದು ಅವಳೇ ಸಾಬೀತು ಮಾಡಿಕೊಟ್ಟಂತಾಗಿತ್ತು. ನಾನು ತುತ್ತು ಬಾಯಿಗಿಟ್ಟುಕೊಂಡು ಕೂತಿದ್ದೆ, ನುಂಗಲು ಆಗುತ್ತಿರಲಿಲ್ಲ. ಅಂದಿನಿಂದ ಆಯಿ ಕಣ್ಣು ತಗೊಂಡು ಬಾ ಎಂದರೆ ನಾನು ಮೊದಲಿನಂತೆ ಓಡಲಿಲ್ಲ, ನಡೆದು ಹೋಗುತ್ತಿದ್ದೆ. ಹೋಗಿ ಎರಡು ಸಲ ನೋಡುತ್ತಿದ್ದೆ. ಹುಡುಗಿ ಮಂಕಾಗಿದ್ದಾಳೆ ಎಂದು ಅವ್ವ ದೃಷ್ಟಿ ತೆಗೆದಳು.

ಮುಂದೆ ನಾನು ವಿಜ್ಞಾನದ ಟೀಚರ್ ಆದೆ. ಲಕ್ಷ್ಮೇಶ್ವರದಲ್ಲಿ, ಗದಗದಲ್ಲಿ ಕಲಿಸಿ ನಿವೃತ್ತಳಾದೆ. ಈಗ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಜಿಗಿದರೂ ನನ್ನ ಫೋನಿಗೆ ಫೋಟೋ ಬರುತ್ತದೆ. ಬಾತ್‌ರೂಮಿನಲ್ಲಿ ಚುಕ್ಕೆ ಜಿಗಿಯುತ್ತಿವೆ, ಕುಂಡದ ತುಳಸಿಗೆ ನೀರು ಹಾಕಿದರೆ ಏನೋ ಪುಟಿಯುತ್ತದೆ, ಟೀಚರ್, ಚಿಗಟ ಏನ್ರಿ, ಔಷಧ ಹೊಡಿಸಲೇನ್ರಿ? ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಕಚ್ಚಿದೆಯೇ ಕೇಳುತ್ತೇನೆ. ತಟ್ಟೆಯಲ್ಲಿ ನೀರಿಟ್ಟು ಹಾಕಿ ನೋಡಿ ಎನ್ನುತ್ತೇನೆ. ಬೆರಳಲ್ಲಿ ತಿಕ್ಕಿ ನೋಡಿ, ಬಿಳಿ ಬಟ್ಟೆ ಒದ್ದೆ ಮಾಡಿ ನೋಡಿ ಎನ್ನುತ್ತೇನೆ. ಟೀಚರ್ ಬಹಳ ತಿಳಿದವರು ಎಂದು ಹೊಗಳುತ್ತಾರೆ. ನನಗೆ ಕಲಿಸಿದವಳು ನಾಲ್ಕನೇ ಇಯತ್ತೆಯನ್ನೂ ಮುಗಿಸಿರಲಿಲ್ಲ.

ಚಿಗವ್ವ ಈಗ ಮುಂಡರಗಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಕಳೆದ ತಿಂಗಳು ಹೋದಾಗ ಕಿಟಕಿಯ ಹತ್ತಿರ ಕೂತು ಮೊಮ್ಮಗಳ ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಮನೆಯವರು ಮೆಷಿನ್ ಇದೆ ಎಂದರೂ ಕೇಳಿಲ್ಲ. ನಾನು ಸೂಜಿಗೆ ದಾರ ಪೋಣಿಸಿಕೊಡುತ್ತ ಕೂತೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಲ್ಲಿಟ್ಟುಕೊಂಡ ತುತ್ತು ಆಗ ಹೊರಬಂತು.

"ಚಿಗವ್ವಾ, ಆ ಕೌದ್ಯಾಗ ಇದ್ದದ್ದು ಚಿಗಟ ಅಲ್ಲ ಅಂತ ನಾ ಹೇಳಬೇಕಿತ್ತು. ಹೂಂ ಅಂದು ಹೇಳಲಿಲ್ಲ."

ಅವಳ ಸೂಜಿ ನಿಲ್ಲಲಿಲ್ಲ.

"ಸಣ್ಣಾಕಿ ಇದ್ದಿ ಬಿಡು."

"ಸಿಟ್ಟು ಬರಲಿಲ್ಲೇನಬೇ?"

"ಬರಲಾರದ ಏನು? ಅವತ್ತು ಹಂಡೇದ ನೀರು ಮೂರು ಸಲ ಉಕ್ಕಿತು, ನೀಲೂ. ನಾ ಬರೇ ಕುಳ್ಳು ಹಾಕ್ಕೋತ ಕುಂತಿದ್ದೆ. ಗ್ವಾಡಿ ಆ ಕಡೆ ನೀ ಇದ್ದೀ ಅಂತ ಗೊತ್ತಿತ್ತು. ಮರಿ ಕುಂಯ್ ಅಂದದ್ದೂ ಕೇಳ್ತು. ಈಗ ಬರ್ತಾಳ, ಈಗ ಬರ್ತಾಳ ಅಂತ ಕಾದೆ. ಕುಳ್ಳು ತೀರಿದ್ವು."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊನೆಯ ಮೂಲೆಗೆ ಬಂದಾಗ ಹೊಲಿಗೆ ನಿಲ್ಲಿಸಿ ಬಟ್ಟೆಯ ಬಾಯಿ ತೆರೆದು ಹಿಡಿದಳು. ಅವಳ ಕಣ್ಣಿಗೂ ಈಗ ಪೊರೆ ಬಂದಿದೆ.

"ಬುಟ್ಟ್ಯಾಗ ರೊಟ್ಟಿ ಐತಿ. ತುತ್ತು ನೀ ಇಡು. ಒಣಗೈತಿಲ್ಲೋ ನೋಡಿ ಇಡು. ನನಗ ಕಾಣಂಗಿಲ್ಲ, ನಿನ್ನ ಕಣ್ಣಿನ ಮ್ಯಾಲ ಬಿಟ್ಟೀನಿ."

ನಾನು ಕಡಕ್ ರೊಟ್ಟಿಯ ಒಂದು ಚೂರು ಮುರಿದೆ. ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಲ ನೋಡಿದೆ. ತಿರುಗಿಸಿ ಇನ್ನೊಂದು ಸಲ ನೋಡಿದೆ.

"ಒಣಗೈತಿ, ಚಿಗವ್ವ," ಎಂದು ಒಳಗಿಟ್ಟೆ. ಅವಳು ಬೆರಳಿನಿಂದ ಮುಟ್ಟಿ ನೋಡಲಿಲ್ಲ, ಹೊಲಿದುಬಿಟ್ಟಳು.